ಎನ್‌ಆರ್‌ಎಲ್ 2005: ವೆಸ್ಟ್ಸ್ ಟೈಗರ್ಸ್ ಗೆದ್ದಿದ್ದು ಅದೃಷ್ಟದಿಂದಲಾ, ಆಟದಿಂದಲಾ?

ಲೈಕಾರ್ಟ್_ಲಿಂಗು (ಸಿಡ್ನಿ)

2005ರ ಟೈಗರ್ಸ್ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಒಂದು ಪಾಸ್. ಬೆಂಜಿ ಮಾರ್ಷಲ್ ಓಡುತ್ತಾ ಓಡುತ್ತಾ ಬೆನ್ನ ಹಿಂದಿನಿಂದ ಚೆಂಡು ಕೊಟ್ಟಿದ್ದು. ಅದು ಬಿಟ್ಟರೆ "ಆ ವರ್ಷ ಲಕ್ ಇತ್ತು, ಹೊಡ್ಕೊಂಡು ಹೋದರು" ಅಂತ ಮಾತು ಮುಗಿಸುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆ ಇಲ್ಲ.

ಗೊತ್ತಿಲ್ಲದವರಿಗೆ ಹಿನ್ನೆಲೆ. ಎನ್‌ಆರ್‌ಎಲ್ ಅಂದರೆ ಆಸ್ಟ್ರೇಲಿಯಾದ ರಗ್ಬಿ ಲೀಗ್. ಆಗ 15 ತಂಡಗಳು. ವೆಸ್ಟ್ಸ್ ಟೈಗರ್ಸ್ 2000ರಲ್ಲಿ ಶುರುವಾದ ಕ್ಲಬ್. 2005ರವರೆಗೆ ಒಂದು ಸಲವೂ ಪಟ್ಟಿಯ ಮೊದಲ ಎಂಟರೊಳಗೆ ಬಂದಿರಲಿಲ್ಲ. ಆ ವರ್ಷವೂ ಸೀಸನ್ ಅರ್ಧ ದಾಟಿದಾಗ ಗೆಲುವಿಗಿಂತ ಸೋಲೇ ಜಾಸ್ತಿ ಇತ್ತು. ಆಮೇಲೆ ಸತತ 8 ಪಂದ್ಯ ಗೆದ್ದರು. 14 ಗೆಲುವು, 10 ಸೋಲು, ಪಟ್ಟಿಯಲ್ಲಿ 4ನೇ ಸ್ಥಾನ.

ಮುಂದಿನದು ಫೈನಲ್ಸ್, ಅಂದರೆ ಮೊದಲ ಎಂಟು ತಂಡಗಳ ಕೊನೆಯ ಹಂತ. ಅದನ್ನು ನೋಡಿ. ಮೊದಲ ವಾರ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಮೇಲೆ 50-6. ಎರಡನೇ ವಾರ ಬ್ರಿಸ್ಬೇನ್ ಬ್ರಾಂಕೋಸ್ ಮೇಲೆ 34-6. ಮೂರನೇ ವಾರ ಸೇಂಟ್ ಜಾರ್ಜ್ ಇಲವಾರಾ ಡ್ರ್ಯಾಗನ್ಸ್ ಮೇಲೆ 20-12. ಅಕ್ಟೋಬರ್ 2ರ ಗ್ರ್ಯಾಂಡ್ ಫೈನಲ್‌ನಲ್ಲಿ ಮತ್ತೆ ಕೌಬಾಯ್ಸ್ ಮೇಲೆ 30-16. ನಾಕೌಟ್ ಹೊತ್ತಿನಲ್ಲಿ ನಾಲ್ಕು ಪಂದ್ಯದಲ್ಲಿ 134 ಅಂಕ ಹೊಡೆದು 40 ಮಾತ್ರ ಬಿಟ್ಟುಕೊಟ್ಟ ತಂಡವನ್ನು ಅದೃಷ್ಟವಂತರು ಅಂತ ಹೇಗೆ ಕರೆಯೋದು?

ಕಬಡ್ಡಿ_ಮಂಜ (ಮಂಡ್ಯ)

ಲಿಂಗಣ್ಣ, ನನಗೆ ರಗ್ಬಿ ಅಂದರೆ ತಂಡಕ್ಕೆ ಏಳು ಜನ ಆಡುವ ಸೆವೆನ್ಸ್ ಸ್ವಲ್ಪ ಗೊತ್ತು, ಅಷ್ಟೇ. ಒಂದು ಅರ್ಥ ಆಗಲಿಲ್ಲ. ಮೊದಲ ವಾರ 50-6 ಸೋತ ತಂಡ ಫೈನಲ್‌ಗೆ ಹೇಗೆ ಬಂತು? ನಾಕೌಟ್ ಅಂತ ಬೇರೆ ಬರೆದಿದ್ದೀರಿ. ಇದು ಯಾವ ಸೀಮೆ ನಾಕೌಟ್?

ಅಂಕಿಸಂಕಿ (ಮೈಸೂರು)

ಮಂಜ, ಒಳ್ಳೆ ಪ್ರಶ್ನೆ. ಮೊದಲು ಆಟ. ರಗ್ಬಿ ಯೂನಿಯನ್ ಬೇರೆ, ರಗ್ಬಿ ಲೀಗ್ ಬೇರೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಬೇರೆಯಾದವು. ಗಣಿ, ಗಿರಣಿ ಕೆಲಸದವರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು ಅನ್ನುವುದೇ ಜಗಳದ ಮೂಲ. ಸಿಡ್ನಿಯಲ್ಲಿ 1908ರಲ್ಲಿ ಲೀಗ್ ಶುರುವಾಯಿತು. ಕಡೆಗೆ ನಿಯಮಗಳೂ ಬೇರೆಯಾದವು: ತಂಡಕ್ಕೆ 13 ಜನ, ಚೆಂಡು ಇರುವ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ, ಆರನೆಯದರಲ್ಲಿ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೇ ಟ್ಯಾಕಲ್ ಆದಮೇಲೆ ಸಾಮಾನ್ಯವಾಗಿ ಒದೆಯುತ್ತಾರೆ. ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಆದರೆ 4 ಅಂಕ, ಟ್ರೈ ಆದಮೇಲೆ ಅಥವಾ ಪೆನಾಲ್ಟಿಗೆ ಒದೆಯುವ ಗೋಲಿಗೆ 2, ಆಟ ನಡೆಯುವಾಗಲೇ ಒದ್ದು ಹೊಡೆವ ಫೀಲ್ಡ್ ಗೋಲಿಗೆ ಆಗ 1.

ಈಗ 50-6ರ ವಿಷಯ. ಆಗ ಇದ್ದಿದ್ದು ಮೆಕಿಂಟೈರ್ ಪದ್ಧತಿ. ಮೊದಲ ವಾರ 1ನೇ ತಂಡಕ್ಕೆ 8ನೆಯದು, 2ಕ್ಕೆ 7, 3ಕ್ಕೆ 6, 4ಕ್ಕೆ 5. ಸೋತ ನಾಲ್ವರಲ್ಲಿ ಪಟ್ಟಿಯಲ್ಲಿ ಕೆಳಗಿರುವ ಇಬ್ಬರು ಮಾತ್ರ ಮನೆಗೆ. ಆ ವರ್ಷ 1ನೇ ಸ್ಥಾನದ ಪ್ಯಾರಮಟ್ಟಾ ಈಲ್ಸ್ ಮ್ಯಾನ್ಲಿಯನ್ನು ಸೋಲಿಸಿತು. 2ನೇ ಸ್ಥಾನದ ಡ್ರ್ಯಾಗನ್ಸ್ ಕ್ರೊನುಲ್ಲಾವನ್ನು ಸೋಲಿಸಿತು. ಹಾಗಾಗಿ 8 ಮತ್ತು 7 ಹೊರಗೆ. 3ನೇ ಸ್ಥಾನದ ಬ್ರಿಸ್ಬೇನ್ 6ನೇ ಸ್ಥಾನದ ಮೆಲ್ಬರ್ನ್ ಕೈಲಿ ಸೋತರೂ ಉಳಿಯಿತು. 5ನೇ ಸ್ಥಾನದ ಕೌಬಾಯ್ಸ್ 44 ಅಂಕದಿಂದ ಸೋತರೂ ಉಳಿಯಿತು. ಮೊದಲ ವಾರದ ಮಟ್ಟಿಗೆ ಅರೆ ನಾಕೌಟ್ ಅನ್ನಬಹುದು. ಈ ಪದ್ಧತಿಯನ್ನು 2012ರಲ್ಲಿ ಬದಲಾಯಿಸಿದರು.

ಬದುಕುಳಿದ ಕೌಬಾಯ್ಸ್ ಮುಂದಿನ ವಾರ ಮೆಲ್ಬರ್ನ್‌ಗೆ ಹೊಡೆಯಿತು. ಅದರ ಮುಂದಿನ ವಾರ ಪ್ಯಾರಮಟ್ಟಾಕ್ಕೆ ಏನು ಮಾಡಿತು ಅನ್ನುವುದನ್ನು ಪರಮೇಶಿ ಬಂದು ಹೇಳಲಿ.

ಪ್ಯಾರಮಟ್ಟಾ_ಪರಮೇಶಿ (ಸಿಡ್ನಿ, ಮೂಲ ಶಿವಮೊಗ್ಗ)

29-0. ಸಮಾಧಾನ ಆಯ್ತಾ?

ಲೀಗ್ ಹಂತದಲ್ಲಿ ಮೊದಲ ಸ್ಥಾನ, ಮೈನರ್ ಪ್ರೀಮಿಯರ್ಸ್. ಒಂದು ಸಂಜೆ ಸೊನ್ನೆ ಹೊಡೆದು ಎಲ್ಲಾ ಹೋಯಿತು. 1986ರಲ್ಲಿ ಕೊನೆಯ ಸಲ ಗೆದ್ದಿದ್ದು. 2001ರಲ್ಲೂ ಮೊದಲ ಸ್ಥಾನ, ಫೈನಲ್‌ನಲ್ಲಿ ನ್ಯೂಕಾಸಲ್ ಕೈಲಿ ಸೋಲು. 2009ರಲ್ಲಿ ಮೆಲ್ಬರ್ನ್ ಕೈಲಿ ಸೋಲು. ಆ ಮೆಲ್ಬರ್ನ್ ಸಂಬಳದ ಮಿತಿ ಮೀರಿ ಮೋಸ ಮಾಡಿತ್ತು ಅಂತ ಮರುವರ್ಷ ಸಿಕ್ಕಿಬಿತ್ತು. ಅವರ ಪ್ರಶಸ್ತಿ ಕಿತ್ತುಕೊಂಡರು, ನಮಗೂ ಕೊಡಲಿಲ್ಲ.

ಇರಲಿ. ಲಿಂಗು, ನೀನು 134 ಅಂಕದ ಲೆಕ್ಕ ಕೊಡ್ತೀಯ. ನಾನು ಬೇರೆ ಲೆಕ್ಕ ಕೊಡ್ತೀನಿ. ಟೈಗರ್ಸ್ ಫೈನಲ್ಸ್ ಹಂತಕ್ಕೆ ಬಂದಿದ್ದೇ ಮೂರು ವರ್ಷ: 2005, 2010, 2011. 2006ರಲ್ಲಿ ಚಾಂಪಿಯನ್ ಆಗಿ ಬಂದು ಎಂಟರೊಳಗೂ ಬರಲಿಲ್ಲ. ಅದೇ ವರ್ಷದ ಶುರುವಿನಲ್ಲಿ ಇಂಗ್ಲೆಂಡಿಗೆ ಹೋಗಿ, ಎರಡೂ ದೇಶದ ಚಾಂಪಿಯನ್‌ಗಳು ಆಡುವ ವರ್ಲ್ಡ್ ಕ್ಲಬ್ ಚಾಲೆಂಜ್‌ನಲ್ಲಿ ಬ್ರಾಡ್‌ಫರ್ಡ್ ಬುಲ್ಸ್ ಕೈಲಿ 30-10 ಒದೆ ತಿಂದು ಬಂದರು. ಒಳ್ಳೆಯ ತಂಡ ಆಗಿದ್ದರೆ ಇನ್ನೊಂದು ವರ್ಷವಾದರೂ ಕಾಣಿಸಬೇಕಿತ್ತು ಅಲ್ವಾ? ಅದೃಷ್ಟ ಅಲ್ಲ ಅನ್ನೋದಾದರೆ ಎರಡು ತಿಂಗಳ ಜ್ವರ ಅನ್ನು.

ಲೈಕಾರ್ಟ್_ಲಿಂಗು

ಪರಮೇಶಿ, 2006ರ ಫಲಿತಾಂಶ ತಂದು 2005ರ ಆಟ ಅಳೆಯಬೇಡ. ಆ ಎರಡು ತಿಂಗಳಲ್ಲಿ ಏನು ಆಡಿದರು ಅನ್ನೋದು ನೋಡು.

ಆಗ ಲೀಗ್ ಹೇಗಿತ್ತು? ದಪ್ಪ ದಪ್ಪ ಫಾರ್ವರ್ಡ್‌ಗಳು ಮಧ್ಯದಲ್ಲಿ ನುಗ್ಗುವುದು, ಐದು ಟ್ಯಾಕಲ್ ಮುಗಿಸುವುದು, ಒದೆಯುವುದು, ಮತ್ತೆ ತಡೆಯುವುದು. ತಪ್ಪು ಮಾಡದವನು ಗೆಲ್ಲುತ್ತಾನೆ ಅನ್ನುವ ಲೆಕ್ಕಾಚಾರ. 2003ರಿಂದ ಟೈಗರ್ಸ್ ಕೋಚ್ ಆಗಿದ್ದ ಟಿಮ್ ಶೀನ್ಸ್ ಇದಕ್ಕೆ ಉಲ್ಟಾ ಹೋದರು. ಅವರ ಹತ್ತಿರ ದೊಡ್ಡ ದೇಹಗಳು ಕಡಿಮೆ. ಹಾಗಾಗಿ ಚೆಂಡನ್ನು ಅಗಲಕ್ಕೆ ಸಾಗಿಸುವುದು, ಫಾರ್ವರ್ಡ್‌ಗಳ ಕೈಲೂ ಪಾಸ್ ಮಾಡಿಸುವುದು, ಟ್ಯಾಕಲ್ ಆಗಿ ಬೀಳುವ ಮುಂಚೆಯೇ ಚೆಂಡು ದಾಟಿಸುವುದು. ಈ ಆಟಕ್ಕೆ ಅಭ್ಯಾಸ ಬೇಕು. ಅದಕ್ಕೇ ಸೀಸನ್ ಮೊದಲರ್ಧದಲ್ಲಿ ಎಡವಿದರು, ಕೈ ಕೂಡಿದ ಮೇಲೆ ಯಾರಿಗೂ ಹಿಡಿಯಲು ಆಗಲಿಲ್ಲ.

ಜನ ನೋಡು. ಹಾಫ್‌ಬ್ಯಾಕ್, ಅಂದರೆ ಆಟ ನಡೆಸುವವನು, ಸ್ಕಾಟ್ ಪ್ರಿನ್ಸ್. ಫುಲ್‌ಬ್ಯಾಕ್ ಬ್ರೆಟ್ ಹಾಡ್ಜ್‌ಸನ್, ಸಣ್ಣ ಮೈಕಟ್ಟಿನ ಮನುಷ್ಯ, ಆ ವರ್ಷ ಒಬ್ಬನೇ 300ಕ್ಕೂ ಹೆಚ್ಚು ಅಂಕ ಗಳಿಸಿದ. ಹುಕರ್ ರಾಬಿ ಫರಾ, ಲೆಬನಾನ್ ಮೂಲದ ಸಿಡ್ನಿ ಹುಡುಗ. ಇವರ ಜೊತೆ 20 ವರ್ಷದ ಬೆಂಜಿ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಗೋಲ್ಡ್ ಕೋಸ್ಟ್‌ನ ಶಾಲೆಯಲ್ಲಿ ಆಡಿ ಬಂದವನು. ಭುಜದ ಗಾಯದಿಂದ ಅದಕ್ಕೂ ಮುಂಚೆ ಸರಿಯಾಗಿ ಆಡಲು ಆಗಿರಲೇ ಇಲ್ಲ. 2005ರಲ್ಲಿ ಭುಜ ತಡೆದುಕೊಂಡಿತು. ಇದನ್ನು ಬೇಕಾದರೆ ಅದೃಷ್ಟ ಅನ್ನು, ಜಗಳ ಆಡಲ್ಲ.

ಗ್ರ್ಯಾಂಡ್ ಫೈನಲ್‌ನ ಆ ಪಾಸ್ ಕೂಡ ಸರ್ಕಸ್ ಅಲ್ಲ. ಮೊದಲರ್ಧ ಮುಗಿಯಲು ಇನ್ನೂ ಐದು ನಿಮಿಷ. ಸ್ಕೋರು 6-6. ತಮ್ಮದೇ ಅರ್ಧದಿಂದ ಎಡಗಡೆಗೆ ಬೆಂಜಿ ಓಡಿದ. ಎದುರು ಆಟಗಾರ ಬಂದಾಗ ಒಳಕ್ಕೆ ತಿರುಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ನೋಡದೇ ಹಿಂದಿನಿಂದ ಪ್ಯಾಟ್ ರಿಚರ್ಡ್ಸ್‌ಗೆ ಕೊಟ್ಟ. ರಿಚರ್ಡ್ಸ್ ಅಲ್ಲೇ ಇರುತ್ತಾನೆ ಅಂತ ಗೊತ್ತಿದ್ದರೆ ಮಾತ್ರ ಆ ಪಾಸ್ ಕೊಡಬಹುದು. ರಿಚರ್ಡ್ಸ್ ಕೂಡ ಕಾಲಿನ ಗಾಯದಿಂದ ಆಡುವುದೇ ಅನುಮಾನ ಅಂತ ಇದ್ದವನು. ಅವನು ಒಂದು ಕೈಯಲ್ಲಿ ಕೌಬಾಯ್ಸ್‌ನ ರಾಡ್ ಜೆನ್ಸನ್‌ನ ತಳ್ಳಿ ಬೀಳಿಸಿ ಟ್ರೈ ಹೊಡೆದ. ನನ್ನ ಪ್ರಕಾರ ಆ ಟ್ರೈನಲ್ಲಿ ಪಾಸ್ ಅರ್ಧ, ಆ ಕೈ ಇನ್ನರ್ಧ. ಪೋಸ್ಟರ್‌ನಲ್ಲಿ ಮಾತ್ರ ಬೆಂಜಿ ಒಬ್ಬನೇ ಇರ್ತಾನೆ.

ಜಯಾ_ಕ್ಯಾನ್ಬೆರಾ

ಲಿಂಗು ಅವರೇ, ನೀವು ಶೀನ್ಸ್ ಹೆಸರು ತೆಗೆದಿರಿ, ಹಳೆಯ ಕಥೆ ಬಿಟ್ಟಿರಿ. ನಾನು ಕ್ಯಾನ್ಬೆರಾ ರೇಡರ್ಸ್ ಕಡೆಯವಳು, ಹೇಳದೇ ಇರಲು ಆಗಲ್ಲ.

ಟೈಗರ್ಸ್ ಅನ್ನುವುದು ಎರಡು ಕ್ಲಬ್ ಸೇರಿ ಆಗಿದ್ದು. ಬಾಲ್ಮೇನ್ ಟೈಗರ್ಸ್, ವೆಸ್ಟರ್ನ್ ಸಬರ್ಬ್ಸ್ ಮ್ಯಾಗ್‌ಪೈಸ್. ಎರಡೂ 1908ರ ಮೊದಲ ಸೀಸನ್‌ನಿಂದ ಇದ್ದವು. ಬಾಲ್ಮೇನ್ 11 ಸಲ ಗೆದ್ದಿತ್ತು, ಕೊನೆಯದು 1969. ಮ್ಯಾಗ್‌ಪೈಸ್ 4 ಸಲ, ಕೊನೆಯದು 1952. ಬಾಲ್ಮೇನ್ ಮತ್ತೆ ಗೆಲ್ಲಲು ತೀರಾ ಹತ್ತಿರ ಬಂದಿದ್ದು 1989ರಲ್ಲಿ. ಆ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು, 19-14 ಸೋತರು. ಸೋಲಿಸಿದ್ದು ಕ್ಯಾನ್ಬೆರಾ. ಕ್ಯಾನ್ಬೆರಾ ಕೋಚ್ ಯಾರು? ಇದೇ ಟಿಮ್ ಶೀನ್ಸ್! ಬಾಲ್ಮೇನ್ ಮುದುಕರ ಹೊಟ್ಟೆ ಉರಿಸಿದ ಮನುಷ್ಯನೇ ಹದಿನಾರು ವರ್ಷದ ಮೇಲೆ ಅವರಿಗೆ ಕಪ್ ತಂದುಕೊಟ್ಟ.

ವಿಲೀನ ಖುಷಿಯಿಂದ ಆಗಿದ್ದಲ್ಲ. ತೊಂಬತ್ತರ ದಶಕದಲ್ಲಿ ಸೂಪರ್ ಲೀಗ್ ಜಗಳ ಆಯಿತು. ಟಿವಿ ಹಕ್ಕಿಗಾಗಿ ನ್ಯೂಸ್ ಲಿಮಿಟೆಡ್ ಅನ್ನುವ ಮಾಧ್ಯಮ ಕಂಪನಿ ಪ್ರತ್ಯೇಕ ಲೀಗ್ ಮಾಡಿ, 1997ರಲ್ಲಿ ಎರಡು ಟೂರ್ನಿ ನಡೆದವು. 1998ರಲ್ಲಿ ರಾಜಿಯಾಗಿ ಎನ್‌ಆರ್‌ಎಲ್ ಹುಟ್ಟಿದಾಗ 20 ತಂಡ. 2000ಕ್ಕೆ 14ಕ್ಕೆ ಇಳಿಸಬೇಕು ಅಂತ ತೀರ್ಮಾನ. ದುಡ್ಡಿಲ್ಲದ ಸಿಡ್ನಿ ಕ್ಲಬ್‌ಗಳಿಗೆ ಒಂದೇ ದಾರಿ, ಜೊತೆಗಾರನನ್ನು ಹುಡುಕಿಕೊಳ್ಳುವುದು. ಸೌತ್ ಸಿಡ್ನಿಯನ್ನು ಹೊರಗೇ ಹಾಕಿದರು, ಅವರು ಹೋರಾಡಿ 2002ರಲ್ಲಿ ವಾಪಸ್ ಬಂದರು. ಮ್ಯಾಗ್‌ಪೈಸ್ 1998, 1999 ಎರಡೂ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದರು.

ಹಾಗೆ ವಿಲೀನದಿಂದ ಹುಟ್ಟಿದ ಕ್ಲಬ್‌ಗಳಲ್ಲಿ ಮೊದಲು ಪ್ರಶಸ್ತಿ ಗೆದ್ದಿದ್ದು ಟೈಗರ್ಸ್. ಸೇಂಟ್ ಜಾರ್ಜ್ ಇಲವಾರಾ ಗೆದ್ದಿದ್ದು 2010ರಲ್ಲಿ. 1999ರಲ್ಲಿ ಗೆಲ್ಲಬೇಕಿತ್ತು, ಅರ್ಧಕ್ಕೆ 14-0 ಮುಂದಿದ್ದು ಮೆಲ್ಬರ್ನ್ ಕೈಲಿ 20-18 ಸೋತರು. ನಾರ್ದರ್ನ್ ಈಗಲ್ಸ್ ಅಂತ ಇನ್ನೊಂದಿತ್ತು, ಅದು ಬಾಳಲೇ ಇಲ್ಲ. 2005ರ ಗೆಲುವು ಬೆಂಜಿಯ ಕಥೆಗಿಂತ ಜಾಸ್ತಿ ಆ ಎರಡು ಬಡಾವಣೆಗಳ ಕಥೆ ಅಂತ ನನ್ನ ಅಭಿಪ್ರಾಯ. ಬಾಲ್ಮೇನ್‌ನವರ ಲೈಕಾರ್ಟ್ ಒಂದು ಕಡೆ, ಮ್ಯಾಗ್‌ಪೈಸ್‌ನವರ ಕ್ಯಾಂಬೆಲ್‌ಟೌನ್ ಇನ್ನೊಂದು ಕಡೆ. ಅಲ್ಲಿವರೆಗೆ ಇಬ್ಬರಿಗೂ ಇದು ನಮ್ಮ ಕ್ಲಬ್ ಅನ್ನಿಸಿರಲಿಲ್ಲ.

ಕಬಡ್ಡಿ_ಮಂಜ

ಜಯಕ್ಕ, ಸಕ್ಕತ್ತಾಗಿ ಹೇಳಿದ್ರಿ. ಇನ್ನೊಂದು ಡೌಟು. ಐಪಿಎಲ್, ಪ್ರೊ ಕಬಡ್ಡಿ ಥರ ಇಲ್ಲೂ ಹರಾಜು ಇದೆಯಾ? ಬಡ ಕ್ಲಬ್ಬು ಹೆಂಗೆ ಇಂಥ ಟೀಮ್ ಕಟ್ಟಿತು?

ಅಂಕಿಸಂಕಿ

ಹರಾಜು ಇಲ್ಲ, ಅಮೆರಿಕದ ಥರ ಡ್ರಾಫ್ಟ್ ಕೂಡ ಇಲ್ಲ. ಆಟಗಾರ ಯಾರ ಜೊತೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿ ಇದೆ. ಮೀರಿದರೆ ಶಿಕ್ಷೆ ಜೋರು. 2002ರಲ್ಲಿ ಬುಲ್‌ಡಾಗ್ಸ್ ಪಟ್ಟಿಯ ತುದಿಯಲ್ಲಿದ್ದಾಗ 37 ಪಾಯಿಂಟ್ ಕಿತ್ತುಹಾಕಿದರು, ನೇರ ತಳಕ್ಕೆ ಬಿದ್ದರು. ಮೆಲ್ಬರ್ನ್‌ನ 2007, 2009ರ ಪ್ರಶಸ್ತಿ ಹೋಗಿದ್ದೂ ಇದಕ್ಕೇ.

ಈ ಮಿತಿ ಇರುವುದರಿಂದ ಗೆದ್ದ ತಂಡ ಹಾಗೇ ಉಳಿಯುವುದು ಕಷ್ಟ. ಗೆದ್ದ ಮೇಲೆ ಎಲ್ಲರ ಬೆಲೆ ಏರುತ್ತದೆ, ಮಿತಿ ಮಾತ್ರ ಅಷ್ಟೇ. 2000ದಿಂದ 2005ರವರೆಗೆ ಚಾಂಪಿಯನ್‌ಗಳನ್ನು ನೋಡು: ಬ್ರಿಸ್ಬೇನ್, ನ್ಯೂಕಾಸಲ್, ರೂಸ್ಟರ್ಸ್, ಪೆನ್ರಿತ್, ಬುಲ್‌ಡಾಗ್ಸ್, ಟೈಗರ್ಸ್. ಆರು ವರ್ಷ, ಆರು ತಂಡ. ಪೆನ್ರಿತ್ 2001ರಲ್ಲಿ ಕಟ್ಟಕಡೆಯ ಸ್ಥಾನ, 2003ರಲ್ಲಿ ಚಾಂಪಿಯನ್. ನ್ಯೂಕಾಸಲ್ 2001ರಲ್ಲಿ ಚಾಂಪಿಯನ್, 2005ರಲ್ಲಿ ಮೊದಲ 13 ಪಂದ್ಯ ಸತತ ಸೋತು ಕೊನೆಯ ಸ್ಥಾನ. ಅದೂ ಆಂಡ್ರ್ಯೂ ಜಾನ್ಸ್‌ನಂಥ ಆಟಗಾರ ಇದ್ದೂ.

ಹಾಗಾಗಿ ಪರಮೇಶಿ ಸರ್, "ಮತ್ತೆ ಯಾಕೆ ಗೆಲ್ಲಲಿಲ್ಲ" ಅನ್ನುವ ಪ್ರಶ್ನೆಯನ್ನು ಆ ಕಾಲದಲ್ಲಿ ಯಾವ ಚಾಂಪಿಯನ್‌ಗೆ ಬೇಕಾದರೂ ಕೇಳಬಹುದಿತ್ತು.

ಪ್ಯಾರಮಟ್ಟಾ_ಪರಮೇಶಿ

ಕೇಳಬಹುದಿತ್ತು ಸರಿ. ಉತ್ತರ ಬೇರೆ ಬೇರೆ ಬರುತ್ತಿತ್ತು. ಬ್ರಿಸ್ಬೇನ್ 2006ರಲ್ಲಿ ಮತ್ತೆ ಗೆದ್ದಿತು. ರೂಸ್ಟರ್ಸ್ 2002ರಲ್ಲಿ ಗೆದ್ದು 2003, 2004ರಲ್ಲೂ ಫೈನಲ್ ಆಡಿತು. ಅವರಿಗೂ ಅದೇ ಮಿತಿ ಇತ್ತಲ್ವಾ?

ಟೈಗರ್ಸ್ ಏನು ಮಾಡಿತು? ರಿಚರ್ಡ್ಸ್ ಆ ಫೈನಲ್ ಆಡಿ ನೇರ ಇಂಗ್ಲೆಂಡಿನ ವಿಗನ್‌ಗೆ ಹೋದ. ಅಲ್ಲಿ 2010ರಲ್ಲಿ ಆ ಲೀಗ್‌ನ ಅತ್ಯುತ್ತಮ ಆಟಗಾರ ಆದ. ಪ್ರಿನ್ಸ್ 2007ಕ್ಕೆ ಹೊಸ ಗೋಲ್ಡ್ ಕೋಸ್ಟ್ ತಂಡಕ್ಕೆ ಹೋದ. ತಂಡದ ಯಜಮಾನ ಪ್ರಿನ್ಸ್, ಅವನನ್ನೇ ಬಿಟ್ಟರು. ಮಿತಿಯೊಳಗೆ ಯಾರನ್ನು ಉಳಿಸಿಕೊಳ್ಳಬೇಕು ಅನ್ನೋದು ಗೊತ್ತಿರಬೇಕು. ಅದು ಗೊತ್ತಿಲ್ಲದೆಯೇ 2022, 2023, 2024 ಮೂರು ವರ್ಷ ಸಾಲಾಗಿ ಕೊನೆಯ ಸ್ಥಾನಕ್ಕೆ ಬಂದಿದ್ದು. 2023ರಲ್ಲಿ ವಾಪಸ್ ಕರೆದಿದ್ದು ಯಾರನ್ನ? ಶೀನ್ಸ್‌ನ. ಆಮೇಲೆ ಕೋಚ್ ಮಾಡಿದ್ದು ಯಾರನ್ನ? ಬೆಂಜಿನ. ಹಳೇ ಫೋಟೋ ನೋಡ್ಕೊಂಡು ಕ್ಲಬ್ ನಡೆಸಿದರೆ ಹಿಂಗೇ.

ಲೈಕಾರ್ಟ್_ಲಿಂಗು

ಪ್ರಿನ್ಸ್ ವಿಷಯ ಒಪ್ಪಿದೆ. ಆ ಫೈನಲ್‌ನಲ್ಲಿ ಅವನೇ ನಾಯಕ, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕವೂ ಅವನಿಗೇ. ಟಿವಿಯವರು ಬೆಂಜಿ ಹಿಂದೆ ಹೋದರೂ ತೀರ್ಪು ಕೊಟ್ಟವರಿಗೆ ಆಟ ಯಾರು ನಡೆಸುತ್ತಿದ್ದರು ಅಂತ ಗೊತ್ತಿತ್ತು. ಅವನನ್ನು ಬಿಟ್ಟ ದಿನವೇ 2005ರ ತಂಡ ಮುಗಿಯಿತು.

ಆದರೆ ಆಮೇಲೆ ಕೆಟ್ಟದಾಗಿ ನಡೆಸಿದರು ಅನ್ನೋದು ಕಚೇರಿಯಲ್ಲಿ ಕೂತವರ ಮೇಲಿನ ದೂರು. ಮೈದಾನದಲ್ಲಿ ಆಡಿದವರ ಮೇಲಲ್ಲ.

ಟೌನ್ಸ್‌ವಿಲ್_ಸಂತು

ಎಲ್ಲರೂ ಟೈಗರ್ಸ್, ಈಲ್ಸ್ ಅಂತಿದ್ದೀರಿ. ಎರಡನೇ ಅಚ್ಚರಿ ತಂಡದ ಬಗ್ಗೆ ಒಬ್ಬರಾದರೂ ಮಾತಾಡಿ ಮಾರಾಯ್ರೇ!

ನಮ್ಮ ಟೌನ್ಸ್‌ವಿಲ್‌ನ ಕೌಬಾಯ್ಸ್ 1995ರಲ್ಲಿ ಬಂದ ತಂಡ. ಮೊದಲ ಒಂಬತ್ತು ವರ್ಷ ಫೈನಲ್ಸ್ ಮುಖ ನೋಡಿರಲಿಲ್ಲ. 2004ರಲ್ಲಿ ಮೊದಲ ಸಲ ಬಂದರು, ಟೌನ್ಸ್‌ವಿಲ್‌ನಲ್ಲಿ ಬ್ರಿಸ್ಬೇನ್‌ಗೆ 10-0 ಹೊಡೆದರು. ಆ ತಂಡಕ್ಕೆ 2005ರಲ್ಲಿ ಸಿಡ್ನಿಯಿಂದ ಒಬ್ಬ ಹುಡುಗ ಬಂದ, ಜೊನಾಥನ್ ಥರ್ಸ್ಟನ್. ಬುಲ್‌ಡಾಗ್ಸ್‌ನಲ್ಲಿ ಬೆಂಚಿನಿಂದ ಆಡಿ 2004ರ ಫೈನಲ್ ಗೆದ್ದಿದ್ದ. ಗಾಯದಿಂದ ಆ ಫೈನಲ್ ತಪ್ಪಿಸಿಕೊಂಡ ನಾಯಕ ಸ್ಟೀವ್ ಪ್ರೈಸ್‌ಗೆ ತನ್ನ ಉಂಗುರವನ್ನೇ ಕೊಟ್ಟುಬಿಟ್ಟ. ನಮ್ಮಲ್ಲಿ ಬಂದ ಮೊದಲ ವರ್ಷವೇ ಡ್ಯಾಲಿ ಎಂ ಪದಕ, ಅಂದರೆ ಇಡೀ ಸೀಸನ್‌ನ ಶ್ರೇಷ್ಠ ಆಟಗಾರ. ಜೊತೆಗೆ ಫುಲ್‌ಬ್ಯಾಕ್ ಮ್ಯಾಟ್ ಬೋವೆನ್. ಫೈನಲ್‌ನ ಮೊದಲ ಟ್ರೈ ಅವನದೇ.

ಇನ್ನೊಂದು ಕೇಳಿ. ಶೀನ್ಸ್ ಟೈಗರ್ಸ್‌ಗೆ ಬರುವ ಮುಂಚೆ 1997ರಿಂದ 2001ರವರೆಗೆ ಇದ್ದಿದ್ದು ನಮ್ಮಲ್ಲಿ. ಪ್ರಿನ್ಸ್ ಮೌಂಟ್ ಐಸಾದಲ್ಲಿ ಹುಟ್ಟಿದ ನಮ್ಮ ಕಡೆ ಹುಡುಗ, ಲೀಗ್ ಆಟ ಶುರು ಮಾಡಿದ್ದೂ ನಮ್ಮ ಕ್ಲಬ್ಬಿನಲ್ಲೇ. ಅಂದರೆ ನಮ್ಮ ಹಳೇ ಕೋಚ್, ನಮ್ಮ ಹಳೇ ಹಾಫ್‌ಬ್ಯಾಕ್ ಸೇರಿ ನಮಗೇ ಹೊಡೆದರು. ಫೈನಲ್‌ನಲ್ಲಿ ಟೈಗರ್ಸ್ ಕೊನೆಯ ಟ್ರೈ ಹೊಡೆದ ಟಾಡ್ ಪೇಟನ್ ಕೂಡ 2021ರಲ್ಲಿ ನಮ್ಮ ಕೋಚ್ ಆಗಿ ಬಂದ. ಬಂದಾಗ ಇಲ್ಲಿ ಕೆಲವರು ಆ ಟ್ರೈ ನೆನಪಿಸದೇ ಬಿಡಲಿಲ್ಲ!

ಅದೃಷ್ಟವೋ ಅಲ್ಲವೋ ಅಂದರೆ, ಎದುರು ನಿಂತಿದ್ದ ತಂಡದವನಾಗಿ ಹೇಳ್ತೀನಿ. ಎರಡನೇ ಅರ್ಧದಲ್ಲಿ ನಾವು ಹತ್ತಿರ ಬಂದಾಗಲೆಲ್ಲ ಅವರು ಉತ್ತರ ಕೊಟ್ಟರು. ಫಿಟ್ಜ್‌ಹೆನ್ರಿ, ಲಾಫ್ರಾಂಕಿ, ಪೇಟನ್, ಒಬ್ಬೊಬ್ಬರದೂ ಒಂದೊಂದು ಟ್ರೈ. ಮೊದಲ ವಾರದ 50-6 ಆದಮೇಲೆ ಅವರನ್ನು ಓದಿಕೊಂಡೇ ಬಂದಿದ್ದೆವು. ಆದರೂ ಆಗಲಿಲ್ಲ. 82,453 ಜನ ನೋಡಿದರು. ನಮ್ಮ ಸರದಿ ಬಂದಿದ್ದು 2015ರಲ್ಲಿ, ಬ್ರಿಸ್ಬೇನ್ ಮೇಲೆ ಗೋಲ್ಡನ್ ಪಾಯಿಂಟ್‌ನಲ್ಲಿ (ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಗಳಿಸಿದವರೇ ಗೆಲ್ಲುವುದು) ಥರ್ಸ್ಟನ್ ಒದ್ದ ಫೀಲ್ಡ್ ಗೋಲು, 17-16.

ಕಬಡ್ಡಿ_ಮಂಜ

ಈಗಷ್ಟೇ ಫೈನಲ್ ತುಣುಕುಗಳು ನೋಡಿದೆ. ಪಾಸ್ ಬಿಡಿ, ನನಗೆ ಹಿಡಿಸಿದ್ದು ರಿಚರ್ಡ್ಸ್ ಕೈ. ನಮ್ಮಲ್ಲಿ ಕಾರ್ನರ್‌ನವನು ಕಾಲಿಗೆ ಬೀಳುವ ಮುಂಚೆ ರೈಡರ್ ಅವನ ತಲೆ ಒತ್ತಿ ದಾಟ್ತಾನಲ್ಲ, ಥೇಟ್ ಅದೇ. ಜೆನ್ಸನ್ ಓಡಿ ಬಂದ ಕೋನವೂ ತಪ್ಪಾಗಿರಲಿಲ್ಲ. ಮೈಯನ್ನು ಹತ್ತಿರ ತರುವ ಮುಂಚೆ ಕೈ ಬಂತು, ಅಷ್ಟೇ.

ಪರಮೇಶಣ್ಣ, 1986 ಅಂದ್ರಲ್ಲ, 2025ರವರೆಗೆ ಕಾದ ಆರ್‌ಸಿಬಿಯವರು ನಾವು. ನಿಮ್ಮ ಸಂಕಟ ಅರ್ಥ ಆಗತ್ತೆ.

ಪ್ಯಾರಮಟ್ಟಾ_ಪರಮೇಶಿ

18 ಸೀಸನ್‌ಗೇ ಅಷ್ಟು ಅತ್ತಿರಿ. ನಮ್ಮದು ಎಷ್ಟಾಯ್ತು ನೀನೇ ಲೆಕ್ಕ ಹಾಕು.

ಸಂತು ಹೇಳಿದ ಒಂದು ಮಾತು ಮಾತ್ರ ಸರಿ. ತಂಡವನ್ನು ಓದಿಕೊಂಡು ಬಂದವರನ್ನೂ ಸೋಲಿಸಿದರು. ಹೋಗಲಿ, ಅದೃಷ್ಟ ಅನ್ನೋ ಪದ ವಾಪಸ್ ತಗೋತೀನಿ. ಜ್ವರ ಅನ್ನೋದು ಹಾಗೇ ಇರುತ್ತೆ.

ಜಯಾ_ಕ್ಯಾನ್ಬೆರಾ

ಮಂಜ, ತುಣುಕು ನೋಡಿ ನಿಲ್ಲಿಸಬೇಡಿ. ಡ್ರ್ಯಾಗನ್ಸ್ ಜೊತೆಗಿನ 20-12 ಪೂರ್ತಿ ಸಿಕ್ಕರೆ ಅದನ್ನು ನೋಡಿ. ಉಳಿದ ಪಂದ್ಯಗಳಲ್ಲಿ ಟೈಗರ್ಸ್ ಹಾರಾಡಿದರು, ಅದರಲ್ಲಿ ತಡೆದು ಗೆದ್ದರು. ಪಟ್ಟಿಯಲ್ಲಿ 2ನೇ ಸ್ಥಾನದ ತಂಡವನ್ನು 12ಕ್ಕೆ ನಿಲ್ಲಿಸುವುದು ಸುಮ್ನೆ ಅಲ್ಲ.

ಕಬಡ್ಡಿ_ಮಂಜ

ನೋಡ್ತೀನಿ ಅಕ್ಕ. ಹಂಗೇ ಆ 29-0 ಪಂದ್ಯನೂ ಎಲ್ಲಾದರೂ ಸಿಗತ್ತಾ?

ಪ್ಯಾರಮಟ್ಟಾ_ಪರಮೇಶಿ

ಅದನ್ನ ಹುಡುಕಬೇಡ ಮಾರಾಯ.